ಎಣ್ಣೆಬಣ್ಣದ ಹಾಲು

ಕರಾಕೋಲ್ ಊರಿನ ಆ ಓಣಿಯಲ್ಲಿ ಯಾರ ಮನೆಯ ಕಿಟಕಿ ಚೌಕಟ್ಟು ಕೆರೆದರೂ ಅಡಿಯಲ್ಲಿ ಒಂದೇ ಹಸಿರು ಸಿಗುತ್ತದೆ. ಸೋವಿಯತ್ ಕಾಲದಲ್ಲಿ ಸರ್ಕಾರಿ ಕಟ್ಟಡಗಳಿಗೆಂದು ಬಂದ ಎಣ್ಣೆಬಣ್ಣ ಅದು. ಮಿಕ್ಕಿದ್ದು, ಮಿಗಿಸಿದ್ದು, ಮಿಗುವಂತೆ ನೋಡಿಕೊಂಡದ್ದು ಎಲ್ಲವೂ ಮನೆಮನೆ ಸೇರಿತ್ತು. ಕದ್ದದ್ದು ಎಂದು ಯಾರೂ ಅನ್ನುತ್ತಿರಲಿಲ್ಲ, 'ತಂದದ್ದು' ಅನ್ನುತ್ತಿದ್ದರು. ತರುವುದರಲ್ಲಿ ನೂರಿಪಾಳದು ಎತ್ತಿದ ಕೈ. ಆದರೂ ಡಬ್ಬಿಗಳು ಕರಾಕೋಲಿಗೆ ಬರುವಾಗಲೇ ಕಡಿಮೆ ಇರುತ್ತಿದ್ದವು. ದಾರಿಯಲ್ಲಿ ಯಾರೋ ಎಗರಿಸುತ್ತಾರೆ, ಅವರ ಕೈ ಸೇದಿಹೋಗಲಿ ಎಂದು ನೂರಿಪಾ ನಿತ್ಯ ಶಾಪ ಹಾಕುತ್ತಿದ್ದಳು. ನೋಡಿ, ಎಂಥ ನ್ಯಾಯ!

ಹರೆಯಕ್ಕೆ ಕಾಲಿಡುತ್ತಲೇ ಅವಳು ಕಟ್ಟಡಗಳಿಗೆ ಬಣ್ಣ ಬಳಿಯುವ ಹೆಂಗಸರ ತಂಡ ಸೇರಿದ್ದಳು. ಎಣ್ಣೆಬಣ್ಣ ಬಳಿಯುವವರಿಗೆ ಆಗ ದಿನಕ್ಕೊಂದು ಬಾಟಲಿ ಹಾಲು ಕೊಡುತ್ತಿದ್ದರು. ಮಗ ಹುಟ್ಟಿದ ಮೇಲೆ ನೂರಿಪಾ ಆ ಹಾಲನ್ನು ಒಂದು ಗುಟುಕೂ ಕುಡಿದವಳಲ್ಲ. ಕೋಟಿನೊಳಗೆ ಅವಿತಿಟ್ಟುಕೊಂಡು ತಂದು ಮಗನಿಗೆ ಕುಡಿಸುತ್ತಿದ್ದಳು. 'ನನ್ನ ಮಗ ಎಣ್ಣೆಬಣ್ಣದ ಹಾಲು ಕುಡಿದು ಬೆಳೆದವನು' ಎಂಬುದು ಅವಳ ಹೆಮ್ಮೆ. ನೀರಿನ ಬಣ್ಣ ಕಂಡರೆ ಅವಳಿಗೆ ಆಗದು. ಅದಕ್ಕೆ ಅವಳಿಟ್ಟ ಹೆಸರು ಮಜ್ಜಿಗೆ.

ಈಗ ಆ ಮಗನ ಹೆಂಡತಿ ಐಜಿರೆಕ್‌ಗೆ ದಿನ ತುಂಬಿತ್ತು. ಚಳಿಗಾಲವಿಡೀ ಕಲ್ಲಿದ್ದಲು ಉರಿಸಿ ಕಿಟಕಿ ಬಾಗಿಲುಗಳ ಅಂಚೆಲ್ಲ ಮಸಿಗಟ್ಟಿತ್ತು. ಮೊದಲ ಮೊಮ್ಮಗು ಇಂಥ ಮನೆಗೆ ಬರುವುದೇ? ನೂರಿಪಾ ಎಣ್ಣೆಬಣ್ಣದ ಡಬ್ಬಿ ತಂದಿಟ್ಟಳು. ಸುದ್ದಿ ಹೇಗೋ ಬಾಲಿಕ್ಚಿ ಊರಿನಲ್ಲಿದ್ದ ಬೀಗಿತ್ತಿಯ ಕಿವಿಗೆ ಬಿತ್ತು. ಐಜಿರೆಕ್‌ನ ತಾಯಿ ಬುರುಲ್ ಅಂದೇ ಫೋನು ಮಾಡಿದಳು.

"ಬಣ್ಣ ಹೊಡೀತಿದ್ದೀರಂತೆ ಬೀಗಿತ್ತಿ? ಎಣ್ಣೆ ಬಣ್ಣಾನಾ?"

"ಇನ್ನೇನು, ಮಜ್ಜಿಗೆ ಬಳೀಲಾ?"

"ಹಾಗಾದ್ರೆ ಬಾಣಂತೀನ ಆಸ್ಪತ್ರೆಯಿಂದ ಸೀದಾ ನಮ್ಮನೆಗೇ ಕರ್ಕೊಂಡು ಬರ್ತೀನಿ. ನಲವತ್ತು ದಿನ ಇಲ್ಲೇ ಇರ್ಲಿ. ಮದುವೇಲಿ ನೀವು ಬಳಿದ ಬಾಗಿಲಿನ ಬಣ್ಣದ ವಾಸನೆಗೆ ನನ್ನ ಮಗಳು ಒಂದು ವಾರ ತಲೆ ಎತ್ತಿರ್ಲಿಲ್ಲ."

"ನನ್ನ ಮಗ ಅದೇ ವಾಸನೇಲಿ ಬೆಳೆದ್ನಲ್ಲ, ಏನಾಯ್ತು ಅವನಿಗೆ? ಎಣ್ಣೆಬಣ್ಣದ ಹಾಲು ಕುಡಿದೋನು!"

"ಅಲ್ರೀ, ಆ ಹಾಲು ಯಾಕೆ ಕೊಡ್ತಿದ್ರು ಅಂದ್ಕೊಂಡಿದ್ದೀರಿ? ನಿಮ್ಮ ಚಂದ ನೋಡಿಯಾ? ಆ ಬಣ್ಣದಿಂದ ಮೈಗೆ ವಿಷ ಏರುತ್ತೆ ಅಂತ ಕೊಡ್ತಿದ್ರು, ಮಾರಾಯ್ತಿ!"

ನೂರಿಪಾ ಫೋನು ಇಟ್ಟಳು. ಅದು ಅವಳಿಗೆ ಗೊತ್ತಿರದ ಮಾತೇನಲ್ಲ. ಇಷ್ಟು ವರ್ಷ ಅದರ ಕಡೆ ತಿರುಗಿ ನೋಡಿರಲಿಲ್ಲ, ಅಷ್ಟೆ. ನಲವತ್ತನೆಯ ದಿನ ಮಗುವಿಗೆ ನಲವತ್ತು ಚಮಚ ನೀರು ಹೊಯ್ದು ಮೀಯಿಸುವ ಶಾಸ್ತ್ರ ಬೇರೆ ಇತ್ತು. ಆ ಚಮಚ ಬೀಗಿತ್ತಿಯ ಮನೆಯಲ್ಲಿ, ಬೀಗಿತ್ತಿಯ ಕೈಯಲ್ಲಿ!

ಎಣ್ಣೆಬಣ್ಣದ ಡಬ್ಬಿ ವಾಪಸು ಹೋಯಿತು, ವಾಸನೆಯಿಲ್ಲದ ನೀರಿನ ಬಣ್ಣ ಬಂತು. ಹಳೆಯ ಹಸಿರು ಎಣ್ಣೆಬಣ್ಣ ಕಿಟಕಿಯ ಮೇಲೆ ಗಾಜಿನಂತೆ ಹೊಳೆಯುತ್ತಿತ್ತು. ಅದರ ಹೊಳಪು ಸಾಯುವ ತನಕ ತೊಳೆದು ಉಜ್ಜಬೇಕು, ಇಲ್ಲದಿದ್ದರೆ ನೀರಿನ ಬಣ್ಣ ಕಚ್ಚಿಕೊಳ್ಳುವುದಿಲ್ಲ. ನೂರಿಪಾಳಿಗೆ ಇದು ತಿಳಿಯದೇ? ಆದರೆ ಸಿಟ್ಟು ಅವಳ ಮೂಗಿನ ತುದಿಯಲ್ಲೇ ಕೂತಿತ್ತು. ಕುಂಚ ಅದ್ದಿ ನೇರ ಬಳಿಯತೊಡಗಿದಳು.

"ಉಜ್ಜಲ್ವೇನೇ?" ಎಂದ ಗಂಡ ಸತಾರ್‌ಕುಲ್.

"ಈ ಮಜ್ಜಿಗೆಗೆ ಅಷ್ಟೊಂದು ಉಪಚಾರ ಬೇರೆ ಕೇಡು! ಜೀವಮಾನವೆಲ್ಲ ಲಾರಿ ಓಡಿಸ್ದೋನು ನೀನು, ಸುಮ್ನೆ ಟೀ ಕುಡಿ."

ಅವನು ಸುಮ್ಮನೆ ಟೀ ಕುಡಿದ. ಸಂಜೆಯ ಹೊತ್ತಿಗೆ ಚೌಕಟ್ಟು, ಹಲಗೆಗಳೆಲ್ಲ ಬೆಳ್ಳಗೆ ನಗುತ್ತಿದ್ದವು. ವಾಸನೆಯೂ ಇರಲಿಲ್ಲ. ಪರವಾಗಿಲ್ಲವಲ್ಲ ಈ ಮಜ್ಜಿಗೆ ಎಂದುಕೊಂಡು ನೂರಿಪಾ ನೆಮ್ಮದಿಯಿಂದ ನಿದ್ದೆ ಹೋದಳು.

ಐಜಿರೆಕ್ ಆಸ್ಪತ್ರೆ ಸೇರಿದ ದಿನ ಬುರುಲ್ ವ್ಯಾನು ಹತ್ತಿ ಬಂದಿಳಿದಳು. ಮೂಗು ಮುಂದೆ, ಬೀಗಿತ್ತಿ ಹಿಂದೆ. ಕೋಣೆಕೋಣೆ ಮೂಸಿ ನೋಡಿದ್ದಾಯಿತು. "ಹೂಂ, ವಾಸನೆ ಇಲ್ಲ," ಎಂದು ಒಪ್ಪಿ ಊಟದ ಮೇಜಿಗೆ ಕೂತಳು. ನೂರಿಪಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಗಷ್ಟೇ ಬೆಂದ ದುಂಡು ರೊಟ್ಟಿಗಳನ್ನು ಎಂದಿನಂತೆ ಕಿಟಕಿಯ ಹಲಗೆಯ ಮೇಲೆ ಆರಲಿಟ್ಟಿದ್ದಳು. ಎಣ್ಣೆಬಣ್ಣದ ಹಲಗೆ ಎಷ್ಟು ಬಿಸಿಗೂ ಜಗ್ಗಿದ್ದಿಲ್ಲ. ಕೈ ತನ್ನಷ್ಟಕ್ಕೆ ಹಳೆಯ ಅಭ್ಯಾಸ ಮಾಡಿತ್ತು.

ರೊಟ್ಟಿ ಎತ್ತಹೋದಳು. ಬರಲಿಲ್ಲ. ಎಳೆದಳು. ಬಂತು, ಜೊತೆಗೆ ಬಣ್ಣವೂ ಕಾಸಿದ ಹಾಲಿನ ಕೆನೆಯಂತೆ ಉದ್ದಕ್ಕೆ ಸುಲಿದುಕೊಂಡು ಬಂತು. ರೊಟ್ಟಿಯ ತಳ ಬೆಳ್ಳಗೆ, ಹಲಗೆ ಹಸಿರು. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೂ ಎತ್ತಿ ಹಣೆಗೊತ್ತಿಕೊಳ್ಳುವ ಊರು ಅದು. ನೂರಿಪಾ ಆ ರೊಟ್ಟಿಯನ್ನು ಎದೆಗವಚಿಕೊಂಡು ನಿಂತೇಬಿಟ್ಟಳು. ಮುಗಿಯಿತು, ಮಗು ಬಾಲಿಕ್ಚಿಗೆ ಹೋಯಿತು ಎಂದು ಅವಳ ಕಣ್ಣು ತುಂಬಿತು.

"ಕರ್ಕೊಂಡು ಹೋಗಿ ಬೀಗಿತ್ತಿ. ಇವತ್ತು ಕೆಲಸಕ್ಕೆ ಸೇರಿದ ಹುಡುಗೀನೂ ಇಂಥ ತಪ್ಪು ಮಾಡಲ್ಲ. ನಿಮ್ಮ ಮೇಲಿನ ಸಿಟ್ಟಿಗೆ ಉಜ್ಜದೇ ಬಳಿದೆ."

ಬುರುಲ್ ಮೇಜು ಬಿಟ್ಟೆದ್ದು ಬಂದಿದ್ದಳು. ಕಿಟಕಿಯ ಮೇಲೆ ಬಗ್ಗಿ ಆ ಹಸಿರನ್ನೇ ನೋಡುತ್ತಿದ್ದಳು.

"ಇದು ನಮ್ಮನೆ ಹಸಿರು ಕಣ್ರೀ!"

"ನಿಮ್ಮನೆಗೆ ಹೇಗೆ ಬಂತು? ಇದು ಕರಾಕೋಲಿಗೆ ಅಂತ ಬಂದ ಬಣ್ಣ."

"ನಮ್ಮೆಜಮಾನ್ರು ಬಾಲಿಕ್ಚಿ ಗೋದಾಮಲ್ಲಿದ್ರಲ್ಲ. ಕರಾಕೋಲಿನ ಸಾಮಾನೆಲ್ಲ ಅಲ್ಲೇ ರೈಲಿಂದ ಇಳಿಸಿ ಲಾರಿಗೆ ಹತ್ತಿಸ್ತಿದ್ರು. ಅವರೂ ಒಂದಿಷ್ಟು..." ಬುರುಲ್ ನಾಲಿಗೆ ಕಚ್ಚಿಕೊಂಡಳು. "ತಂದಿದ್ರು."

"ಅಯ್ಯೋ, ಅದು ನೀವೇನಾ! ಎಷ್ಟು ವರ್ಷ ಶಾಪ ಹಾಕಿದ್ದೀನಿ ನಿಮಗೆ!"

"ಅದಕ್ಕೇ ನೋಡಿ, ಅವರ ಮೊಣಕೈ ಇವತ್ತಿಗೂ ಮೇಲೇಳಲ್ಲ!"

ಇಬ್ಬರೂ ನಕ್ಕ ನಗೆಗೆ ಅಂಗಳದಲ್ಲಿದ್ದ ಸತಾರ್‌ಕುಲ್ ಓಡಿಬಂದ. ರೊಟ್ಟಿಯ ಬಣ್ಣ ಹತ್ತಿದ ತಳವನ್ನು ಅವನೇ ಕೊಯ್ದು, ಯಾರ ಕಾಲಿಗೂ ಸಿಗದಂತೆ ಒಲೆಯ ಬೆಂಕಿಗೊಪ್ಪಿಸಿದ. ಮಿಕ್ಕ ರೊಟ್ಟಿ ತಿಂದು ಬುರುಲ್ ಅಂಗಿಯ ತೋಳು ಮಡಚಿದಳು. "ಏನು ನೋಡ್ತಿದ್ದೀರಿ? ಕೆರಿಯೋ ಕತ್ತಿ ಕೊಡಿ ಇತ್ಲಾಗೆ."

ಸಿಪ್ಪೆಯೆಲ್ಲ ಸುಲಿದರು. ಬಿಸಿನೀರಿಗೆ ಸೋಡಾ ಹಾಕಿ ತೊಳೆದರು. ಮರಳುಕಾಗದ ಒದ್ದೆ ಮಾಡಿಕೊಂಡು ಹೊಳಪು ಮಂಕಾಗುವ ತನಕ ಉಜ್ಜಿದರು. ಬಣ್ಣ ಕಚ್ಚಿಸುವ ಅಂಟುನೀರು ಒಂದು ಕೈ ಬಳಿದು, ಅದು ಒಣಗಿದ ಮೇಲೆ ನೀರಿನ ಬಣ್ಣ ತೆಳ್ಳಗೆ ಎರಡು ಕೈ. ನಡುವೆ ಫೋನು ಬಂತು: ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬಣ್ಣದ ಕೈಗಳಲ್ಲೇ ಇಬ್ಬರೂ ತಬ್ಬಿಕೊಂಡು ಬಟ್ಟೆ ಹಾಳು ಮಾಡಿಕೊಂಡರು.

ಮಗು ಆಸ್ಪತ್ರೆಯಿಂದ ಬಿಡುಗಡೆಯಾಗುವ ಬೆಳಿಗ್ಗೆ ನೂರಿಪಾ ಬೀಗಿತ್ತಿಯನ್ನು ಕಿಟಕಿಯ ಬಳಿ ಎಳೆದೊಯ್ದಳು. "ಉಗುರಲ್ಲಿ ಕೆರೀರಿ. ಎದ್ದು ಬಂದ್ರೆ ಮಗು ನಿಮ್ಮದು."

ಬುರುಲ್ ಕೆರೆದಳು. ಕರುಣೆ ತೋರದೆ, ಮೂಲೆಮೂಲೆಯಲ್ಲೂ ಕೆರೆದಳು. ಬಣ್ಣ ಜಪ್ಪಯ್ಯ ಅಂದರೂ ಏಳಲಿಲ್ಲ.

"ಸರಿ, ಇಲ್ಲಿಗೇ ಬರ್ಲಿ," ಎಂದಳು. "ಆದ್ರೆ ನಾನೂ ಇರ್ತೀನಿ. ನಲವತ್ತು ಚಮಚದಲ್ಲಿ ಇಪ್ಪತ್ತು ನಂದು."

"ಆಗ್ಲಿ ಬಿಡಿ. ಎಣಿಸೋಳು ಮಾತ್ರ ನಾನೇ. ನೀವು ಗೋದಾಮಿನವರು!"

ಮಧ್ಯಾಹ್ನ ಮಗು ಬಂತು. ಐಜಿರೆಕ್ ಕಿಟಕಿಯ ಕೆಳಗೆ ಕೂತು ಮೊಲೆಯೂಡಿಸಿದಳು. ನೂರಿಪಾ ಹೊಸ್ತಿಲಲ್ಲಿ ನಿಂತಳು. ಕೋಟಿನೊಳಗೆ ಬಾಟಲಿ ಅವಿತಿಟ್ಟುಕೊಂಡು ದಿನವೂ ದಾಟುತ್ತಿದ್ದ ಅದೇ ಹೊಸ್ತಿಲು. ಅಭ್ಯಾಸಬಲದಿಂದ ಒಮ್ಮೆ ಆಳವಾಗಿ ಉಸಿರೆಳೆದುಕೊಂಡಳು. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಅವಳಿಗೆ ಹಾಲಿನ ವಾಸನೆ ಬಂದದ್ದು ಅದೇ ಮೊದಲು.

"ಬಾಗಿಲು ಹಾಕ್ರೀ ಬೀಗಿತ್ತಿ, ಮಗೂಗೆ ಗಾಳಿ!" ಎಂದು ಬುರುಲ್ ಒಳಗಿನಿಂದ ಗದರಿದಳು.

ನೂರಿಪಾ ಒಳಗೆ ಬಂದು ಬಾಗಿಲು ಹಾಕಿಕೊಂಡಳು.