ಪೋರ್ತ್ ಹೆಲಿಗ್ ದೋಣಿಗೆ ದುಂಡಸಿಯ ದನಿ

ಆ ಊರಿಗೆ ಬಂದ ಮೊದಲ ಸೋಮವಾರವೇ ರೈಲು ಸಮತಾಳನ್ನು ಬಿಟ್ಟು ಹೋಯಿತು. ಅವಳು ತಡ ಮಾಡಿರಲಿಲ್ಲ. ಊಟದ ಡಬ್ಬಿ ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಮೇಲೆ ನೆಟ್ಟಗೆ ನಿಂತಿದ್ದಳು. ಎರಡೇ ಬೋಗಿಯ ಪುಟ್ಟ ರೈಲು ಸಮುದ್ರದ ಅಂಚಿನಲ್ಲಿ ತಿರುಗಿ ಬಂತು, ತುಸು ನಿಧಾನವಾಯಿತು, ಅವಳು ನೋಡುತ್ತಿದ್ದಂತೆಯೇ ಮುಂದೆ ಹೊರಟುಹೋಯಿತು. ಬೇಲಿಯಾಚೆ ನಾಯಿ ಅಡ್ಡಾಡಿಸುತ್ತಿದ್ದ ಮುದುಕ ಕೂಗಿ ಹೇಳಿದ: "ಕೈ ಮಾಡಬೇಕು. ಕೈ ಮಾಡದಿದ್ದರೆ ಇಲ್ಲಿ ನಿಲ್ಲಿಸೋದಿಲ್ಲ."

ಸಮತಾ ಅಲ್ಲಿಂದಲೇ ಗಂಡ ಫಕ್ಕೀರೇಶನಿಗೆ ಫೋನು ಹಚ್ಚಿದಳು.

"ಇಲ್ಲೆ ರೈಲಿಗೆ ಕೈ ಮಾಡಬೇಕಂತ್ರಿ, ನಮ್ಮೂರಾಗ ಬಸ್ಸಿಗೆ ಮಾಡಿದಂಗ."

"ರೈಲಿಗೆ? ಖರೇನ?"

"ಖರೇ ಅಂದ್ರ ಖರೇ. ನಾಳೆ ನೀವೂ ಬರ್ರಿ, ಕೈ ಮಾಡಿ ನಿಂದರಸಿ ತೋರಸ್ತೇನಿ."

ಕೆಲಸಕ್ಕೆ ತಡವಾಗಿದೆ ಎಂಬುದನ್ನೇ ಅವಳು ಮರೆತಿದ್ದಳು. ಮರುದಿನ ಕೈ ಮಾಡಿದಳು, ರೈಲು ನಿಂತಿತು. ಅಷ್ಟು ದೊಡ್ಡ ಯಂತ್ರ ತನ್ನೊಬ್ಬಳಿಗಾಗಿ ನಿಂತಿತಲ್ಲ ಎಂಬ ಹಿಗ್ಗು ಆಸ್ಪತ್ರೆ ಮುಟ್ಟುವವರೆಗೂ ಇಳಿಯಲಿಲ್ಲ.

ಸಮತಾ ಶಿಗ್ಗಾಂವಿ ತಾಲೂಕಿನ ದುಂಡಸಿಯವಳು. ಅಪ್ಪ ಗುತ್ತೆಪ್ಪ, ಅವ್ವ ಉಡಚವ್ವ ಸ್ವಂತದ ತುಂಡು ಹೊಲದಲ್ಲಿ ಗೋವಿನಜೋಳ ಬಿತ್ತಿ, ಉಳಿದ ದಿನ ಕೂಲಿಗೆ ಹೋಗಿ ಮಗಳನ್ನು ಓದಿಸಿದ್ದರು. ಪಿಯುಸಿಗೆ ಬಸ್ಸಿನಲ್ಲಿ ಶಿಗ್ಗಾಂವಿ, ನರ್ಸಿಂಗಿಗೆ ಹುಬ್ಬಳ್ಳಿ, ಅಲ್ಲೇ ಆಸ್ಪತ್ರೆಯಲ್ಲಿ ಕೆಲಸ, ಆಮೇಲೆ ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಿ ವೇಲ್ಸ್. ಸವಣೂರಿನ ಫಕ್ಕೀರೇಶ ಊರಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವನು, ಇಲ್ಲಿ ಪಾರ್ಸೆಲ್ಲುಗಳ ಗೋದಾಮಿನಲ್ಲಿ ಕೆಲಸ ಹಿಡಿದಿದ್ದ. ಮೊದಲು ಆಸ್ಪತ್ರೆಯಿದ್ದ ಶಹರದಲ್ಲೇ ಒಂದು ಕತ್ತಲೆ ಕೋಣೆಯಲ್ಲಿದ್ದರು. ಒಂದು ರವಿವಾರ ಸುಮ್ಮನೆ ರೈಲು ಹತ್ತಿ ಹೊರಟಾಗ ಪೋರ್ತ್ ಹೆಲಿಗ್ ಎಂಬ ಈ ಊರು ಕಿಟಕಿಯಲ್ಲಿ ಕಂಡಿತು. ಒಂದು ಸಾಲು ಮನೆ, ಅದರ ಮುಂದೆ ರೈಲು ಹಳಿ, ಹಳಿಯ ಮುಂದೆ ಸಮುದ್ರ. "ಇಲ್ಲೇ ಇರೋಣ್ರಿ" ಎಂದು ಅವಳು ಹೇಳಿದಾಗ ಊರು ಅರ್ಧ ಹಿಂದೆ ಸರಿದಾಗಿತ್ತು.

ಬೆಳಿಗ್ಗೆ ಊರಿಗೆ ಊರೇ ಶಹರಕ್ಕೆ ಕೆಲಸಕ್ಕೆ ಹೋಗಿ ಸಂಜೆ ತಿರುಗಿ ಬರುತ್ತಿತ್ತು. ತಡಸದಿಂದ, ದುಂಡಸಿಯಿಂದ ಹುಬ್ಬಳ್ಳಿಗೆ ಹೋಗಿ ಬರುವ ಮಂದಿಯನ್ನು ನೋಡಿ ಬೆಳೆದವಳಿಗೆ ಅದೇನೂ ಹೊಸದಲ್ಲ. ಹೊಸದೆಂದರೆ ನೀರು. ಬೆಳಿಗ್ಗೆ ಗೋಡೆಗೆ ಬಡಿಯುತ್ತಿದ್ದ ಸಮುದ್ರ ಸಂಜೆ ನೋಡಿದರೆ ಎಲ್ಲೋ ದೂರ ಹೋಗಿರುತ್ತಿತ್ತು, ನಡುವೆ ಬರೀ ಹೊಳೆಯುವ ಕೆಸರು. ಉಡಚವ್ವನಿಗೆ ಫೋನಿನಲ್ಲಿ ತೋರಿಸಿದರೆ ಅವಳು ಕೇಳಿದ್ದು ಒಂದೇ: "ಅಷ್ಟ ನೀರು ಎತ್ತಾಗ ಹೋತಬೇ?" ಸಮತಾಳಿಗೂ ಅದೇ ಬೆರಗು. ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮೊದಲು ನೀರೆಲ್ಲಿದೆ ಎಂದು ನೋಡುತ್ತಿದ್ದಳು.

ಫೆಬ್ರುವರಿಯ ಒಂದು ಮುಂಜಾನೆ ದಟ್ಟ ಮಂಜು ಕವಿದಿತ್ತು. ರೈಲಿನ ದೀಪ ಕಂಡಿತು, ಸಮತಾ ಕೈ ಎತ್ತಿದಳು, ರೈಲು ನಿಧಾನವಾಗಲಿಲ್ಲ. ಅವಳಿಗೆ ಗೊತ್ತಿಲ್ಲದೆಯೇ ಗಂಟಲು ಬಿಚ್ಚಿತು. "ಏ... ನಿಂದರಸ್ರೀ..." ಡ್ರೈವರನಿಗೆ ಕೂಗು ಕೇಳಿತೋ, ಕೈ ಕಂಡಿತೋ, ರೈಲು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಿರುಗುಟ್ಟಿ ನಿಂತಿತು. ಒಳಗಿದ್ದವರೆಲ್ಲ ಅವಳನ್ನೇ ನೋಡಿದರು. ನಾಚಿಕೆಯಾಗಿ ಅವಳು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಳು.

ಸಂಜೆ ಇಳಿದಾಗ ಸ್ಟೇಶನ್ನಿನಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು. ಬೆಳ್ಳಿಗೂದಲು, ಅಗಲ ಭುಜ, ಮೊಣಕಾಲಿನವರೆಗೆ ರಬ್ಬರ್ ಬೂಟು.

"ಬೆಳಿಗ್ಗೆ ಕೂಗಿದ್ದು ನೀವೇನಾ?"

ಜಗಳಕ್ಕೆ ಬಂದಳೇನೋ ಎಂದುಕೊಂಡ ಸಮತಾ, "ಕ್ಷಮಿಸಿ, ರೈಲು ಹೋಗಿಬಿಡುತ್ತಿತ್ತು" ಎಂದಳು.

"ನಾನು ದೋಣಿಗಳ ಹತ್ತಿರ ಇದ್ದೆ. ಅಲ್ಲಿಗೂ ಕೇಳಿಸಿತು. ನನ್ನ ಹೆಸರು ನೆರಿಸ್. ನಮ್ಮ ದೋಣಿಗೆ ಅಂಥ ಗಂಟಲು ಬೇಕಾಗಿದೆ."

ನೆರಿಸ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಊರ ಹೆಂಗಸರ ದೋಣಿಯ ನಾಯಕಿ. ಆ ಕರಾವಳಿಯ ಊರೂರಿಗೂ ಇಂಥ ಉದ್ದನೆಯ ದೋಣಿಗಳಿದ್ದವು. ನಾಲ್ವರು ಹುಟ್ಟು ಹಾಕುತ್ತಾರೆ. ಅವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುವುದರಿಂದ ಮುಂದೇನಿದೆ ಎಂಬುದು ಕಾಣುವುದಿಲ್ಲ. ಹಿಂದುಗಡೆ ಚುಕ್ಕಾಣಿ ಹಿಡಿದು ಕೂತ ಐದನೆಯವಳು ದಾರಿ ನೋಡಬೇಕು, ಎಲ್ಲರೂ ಒಟ್ಟಿಗೆ ಎಳೆಯುವಂತೆ ಕೂಗು ಹಾಕಬೇಕು. ಪೋರ್ತ್ ಹೆಲಿಗ್‌ನಲ್ಲಿ ಕೂಗು ಹಾಕುತ್ತಿದ್ದವಳು ಬೇರೆ ಊರಿಗೆ ಹೋಗಿದ್ದಳು. ಹಿಂದಿನ ವರ್ಷದ ಪಂದ್ಯದಲ್ಲಿ ಇವರದೇ ಕೊನೆಯ ದೋಣಿ.

"ನನಗೆ ಈಜಲು ಬರುವುದಿಲ್ಲ" ಎಂದಳು ಸಮತಾ.

"ಲೈಫ್ ಜಾಕೆಟ್ಟಿಗೆ ಬರುತ್ತದೆ" ಎಂದಳು ನೆರಿಸ್.

ಮನೆಯಲ್ಲಿ ಫಕ್ಕೀರೇಶ ರೊಟ್ಟಿ ತಟ್ಟುತ್ತಿದ್ದ. ಸುದ್ದಿ ಕೇಳಿ ಅವನ ಕೈ ನಿಂತಿತು. "ಸಮುದ್ರದಾಗ? ನೀನು? ದುಂಡಸಿ ಕೆರ್ಯಾಗ ಮೊಣಕಾಲತನ ಇಳದಾಕಿ ಅಲ್ಲ."

"ಅದಕ್ಕ ಹೋಗಾಕತ್ತೇನ್ರಿ" ಎಂದಳು ಸಮತಾ. ಹೇಳಿದ ಮೇಲೆಯೇ ಅವಳಿಗೂ ತಿಳಿದದ್ದು, ತಾನು ಹೋಗುವುದು ಖಾತ್ರಿ ಎಂದು.

ಮೊದಲ ದಿನ ದೋಣಿ ದಡ ಬಿಟ್ಟಾಗ ಅವಳು ಎರಡೂ ಕೈಯಲ್ಲಿ ಚುಕ್ಕಾಣಿಗೆ ಜೋತುಬಿದ್ದಳು. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೋಯಿತು. ಮರಳದಿಬ್ಬಕ್ಕೆ ನುಗ್ಗಿಸಿ ನಾಲ್ವರನ್ನೂ ಮಗುಚಿ ಹಾಕುವುದೊಂದು ಬಾಕಿ ಇತ್ತು. ಆದರೂ ತಣ್ಣನೆಯ ನೀರು ಮುಖಕ್ಕೆ ಸಿಡಿದಾಗ, ನಾಲ್ಕು ಹುಟ್ಟುಗಳು ಒಮ್ಮೆಗೇ ಮುಳುಗಿ ದೋಣಿ ಕಾಲಡಿಯಿಂದ ಜಿಗಿದಾಗ, ಅವಳ ಮೈಯೆಲ್ಲ ಝುಮ್ಮೆಂದಿತು. ಒದ್ದೆ ಸಾಕ್ಸಿನಲ್ಲೇ ಮನೆಗೆ ಓಡಿದಳು. ವಾರಕ್ಕೆ ಎರಡು ಸಂಜೆ ಇದ್ದ ತಾಲೀಮು ಮೂರಾಯಿತು. ಆಸ್ಪತ್ರೆಯಲ್ಲಿ ಗುಳಿಗೆಯ ಗಾಡಿ ತಳ್ಳುವಾಗಲೂ ಅವಳ ತುಟಿ ಒಂದು, ಎರಡು ಎಂದು ಅಲುಗುತ್ತಿತ್ತು.

ಜೂನ್ ತಿಂಗಳ ಶನಿವಾರ ಪಂದ್ಯ. ಎಂಟು ಊರಿನ ದೋಣಿಗಳು, ದಡದ ತುಂಬ ಜನ. ದೂರ ನೀರಿನಲ್ಲಿ ತೇಲುತ್ತಿದ್ದ ದೊಡ್ಡ ಕಿತ್ತಳೆ ಬಣ್ಣದ ಚೆಂಡನ್ನು ಸುತ್ತಿ ವಾಪಸು ಬರಬೇಕು. ಪಿಸ್ತೂಲಿನ ಸದ್ದಾದದ್ದೇ ತಡ ಎಲ್ಲ ದೋಣಿಗಳೂ ಒಮ್ಮೆಗೇ ನುಗ್ಗಿದವು. ಮೊದಲ ಅರ್ಧದಲ್ಲಿ ಇವರು ಆರನೆಯವರು. ಚೆಂಡಿನ ಹತ್ತಿರ ಬಂದಾಗ ಮುಂದಿದ್ದವರೆಲ್ಲ ಒಳಸುತ್ತಿಗೆ ಮುಗಿಬೀಳುತ್ತಿರುವುದು ಸಮತಾಳಿಗೆ ಕಂಡಿತು. ಅವಳು ಚುಕ್ಕಾಣಿ ಒತ್ತಿ ದೋಣಿಯನ್ನು ಹೊರಗಿನಿಂದ, ಉದ್ದದ ದಾರಿಯಲ್ಲಿ ಹೊರಳಿಸಿದಳು.

"ಎಲ್ಲಿಗೆ ಹೊರಟೆ?" ಎಂದು ಹುಟ್ಟು ಹಾಕುತ್ತಿದ್ದ ನೆರಿಸ್ ಏದುತ್ತ ಕೇಳಿದಳು.

"ಎಳೀರಿ, ಆಮೇಲೆ ಹೇಳುತ್ತೇನೆ."

ಒಳಗೆ ಎರಡು ದೋಣಿಗಳ ಹುಟ್ಟುಗಳು ಒಂದಕ್ಕೊಂದು ಸಿಕ್ಕಿಕೊಂಡವು, ಹಿಂದಿನ ಮೂರನೆಯದು ಅವಕ್ಕೆ ಡಿಕ್ಕಿ ಹೊಡೆಯಿತು. ಇವರ ದೋಣಿ ಹೊರಗಿನಿಂದ ಆರಾಮಾಗಿ ಸುತ್ತಿ ಬಂದು ಮೂರನೆಯದಾಯಿತು. ಆದರೆ ದಡದತ್ತ ತಿರುಗಿದ್ದೇ ಗಾಳಿ ಎದುರಾಯಿತು. ಅಲೆಗಳು ಮೇಲೇರಿ ಬಂದವು. ನಾಲ್ವರ ಮುಖವೂ ಕೆಂಪಾಗಿ ಕೈ ಸೋತವು, ಹುಟ್ಟುಗಳು ಒಂದೊಂದು ಒಂದೊಂದು ಹೊತ್ತಿಗೆ ಬೀಳತೊಡಗಿದವು. ಸಮತಾ ಇಂಗ್ಲಿಷಿನಲ್ಲಿ ಲೆಕ್ಕ ಕೂಗಿದಳು. ಗಾಳಿ ಅದನ್ನು ಹೊತ್ತುಕೊಂಡು ಹೋಯಿತು.

ದುಂಡಸಿಯಲ್ಲಿ ರಾತ್ರಿ ತಂಗುತ್ತಿದ್ದ ವಸ್ತಿ ಬಸ್ಸು ಚಳಿಗಾಲದ ಮುಂಜಾನೆ ಚಾಲೂ ಆಗುತ್ತಿರಲಿಲ್ಲ. ಕಾಲೇಜಿಗೆ ಹೊರಟವರೆಲ್ಲ ಇಳಿದು ನೂಕಬೇಕಿತ್ತು. ಒಬ್ಬರು ನೂಕಿದಾಗ ಒಬ್ಬರು ಬಿಡುತ್ತಿದ್ದರು. ಆಗ ಕಂಡಕ್ಟರ್ ಮಲ್ಲಿಕಸಾಬ "ಸಮತಾನ್ನ ಕರೀರಿ, ಆಕಿ ಒದರಿದ್ರ ಬಸ್ಸ ಹೊಂಡತೈತಿ" ಎನ್ನುತ್ತಿದ್ದ. ಆ ಕೂಗೇ ಈಗ ತಾನಾಗಿ ಹೊರಟಿತು.

"ಜೋರ ಲಗಾಕೇ..."

ನಾಲ್ವರೂ ತಲೆಯೆತ್ತಿ ನೋಡಿದರು.

"...ಹೈಸಾ."

ಅರ್ಥ ಯಾರಿಗೂ ಆಗಲಿಲ್ಲ. ಯಾವಾಗ ಎಳೆಯಬೇಕು ಎಂಬುದು ಮಾತ್ರ ಎಲ್ಲರಿಗೂ ಆಯಿತು. ಮೂರನೆಯ ಸಲಕ್ಕೆ ನೆರಿಸ್ ತಾನೂ "ಹೈಸಾ" ಎಂದಳು, ಆಮೇಲೆ ನಾಲ್ವರೂ. ದೋಣಿ ಮತ್ತೆ ಜಿಗಿಯಿತು. ಎರಡನೆಯ ದೋಣಿಯ ಬಾಲ ಕಂಡಿತು, ಅದರ ಹುಟ್ಟು ಕಂಡಿತು, ಅದರೊಳಗಿನವರ ಮುಖ ಕಂಡಿತು. ಸಮತಾ ಮಣೆಯ ಮೇಲಿಂದ ಅರ್ಧ ಎದ್ದು, ಗಂಟಲು ಹರಿಯುವಂತೆ ಕೂಗುತ್ತಿದ್ದಳು. ದಡದಲ್ಲಿ ಫಕ್ಕೀರೇಶ ನೀರಿಗೇ ಇಳಿದಿದ್ದ, ಪ್ಯಾಂಟು ಮೊಣಕಾಲಿನವರೆಗೆ ತೊಯ್ದದ್ದು ಅವನಿಗೆ ತಿಳಿದೇ ಇರಲಿಲ್ಲ.

ಮೊದಲ ದೋಣಿ ಸಿಗಲಿಲ್ಲ. ಪೋರ್ತ್ ಹೆಲಿಗ್ ಎರಡನೆಯದಾಗಿ ಬಂತು. ಹಿಂದಿನ ವರ್ಷದ ಕೊನೆಯ ಸ್ಥಾನದಿಂದ ಎರಡನೆಯದಕ್ಕೆ ಏರಿದ ಊರು, ಗೆದ್ದ ಊರಿಗಿಂತ ಹೆಚ್ಚು ಗದ್ದಲ ಮಾಡಿತು. ನೆರಿಸ್ ಸಮತಾಳನ್ನು ಹಾಗೇ ಎತ್ತಿ ಮರಳಿನ ಮೇಲಿಟ್ಟಳು. ಮೊದಲ ದಿನ ಬೇಲಿಯಾಚೆಯಿಂದ ಕೂಗಿ ಹೇಳಿದ್ದ ಮುದುಕ ಬಂದು ಕೈ ಕುಲುಕಿ, ತನ್ನ ಫ್ಲಾಸ್ಕಿನ ಬಿಸಿ ಚಹಾ ಕೊಟ್ಟ. ಹೆಸರು ಗೊತ್ತಿಲ್ಲದೆ ಬರೀ ಕೈಬೀಸುತ್ತಿದ್ದ ಎಷ್ಟೋ ಜನ ಅಂದು ಅವಳನ್ನು ಹೆಸರು ಹಿಡಿದು ಕರೆದರು.

ಸಂಜೆ ಫೋನು ಹಚ್ಚಿದಾಗ ಸಮತಾಳ ದನಿ ಒಡೆದು ಗೊರಗೊರ ಎನ್ನುತ್ತಿತ್ತು.

"ಆರಾಮಿಲ್ಲೇನಬೇ?" ಎಂದು ಉಡಚವ್ವ ಗಾಬರಿಯಾದಳು.

"ದೋಣಿ ಪಂದ್ಯದಾಗ ಎರಡನೇ ನಂಬರ ಬಂತಬೇ ಯವ್ವಾ."

"ನೀ ಎಳದೇನು?"

"ನಾ ಎಳೀಲಿಲ್ಲ. ಒದರಿದೆ."

"ಒದರಾಕ ಅಷ್ಟ ದೂರ ಹೋಗಬೇಕಾಗಿತ್ತೇನ?" ಎಂದಳು ಉಡಚವ್ವ. ಹಿಂದಿನಿಂದ ಗುತ್ತೆಪ್ಪ, "ಫೋನು ನನಗ ಕೊಡು, ನೀರಿನ ಮ್ಯಾಲ ಕೂಗು ಹೆಂಗ ಕೇಳಸ್ತೈತಿ ಕೇಳ್ತೇನಿ" ಎಂದು ಕಸಿದುಕೊಂಡ. ಅರ್ಧ ತಾಸು ಮಾತಾಡಿದ.

ಮಂಗಳವಾರದ ತಾಲೀಮಿಗೆ ಹೊರಟಾಗ ಫಕ್ಕೀರೇಶನೂ ಹಳೆಯ ಬೂಟು ಹಾಕಿಕೊಂಡು ಹಿಂದೆ ಬಂದ. ಗಂಡಸರ ದೋಣಿಯಲ್ಲಿ ಒಂದು ಜಾಗ ಖಾಲಿ ಇದೆಯೆಂದು ನೆರಿಸ್ ಹೇಳಿದ್ದಳು. ಮೊದಲ ಏಟಿಗೇ ಹುಟ್ಟು ಅವನ ಕೈಯಿಂದ ಜಾರಿ ನೀರೆಲ್ಲ ಮಡಿಲಿಗೆ ಬಿತ್ತು. ಪಕ್ಕದ ದೋಣಿಯಿಂದ ಸಮತಾ ನಕ್ಕಳು, ಗಂಟಲು ಇನ್ನೂ ಕಟ್ಟಿತ್ತು. "ಸವಕಾಶ ಎಳೀರಿ" ಎಂದಳು, ಚುಕ್ಕಾಣಿ ತಿರುಗಿಸಿ ತನ್ನವರನ್ನು ತುಂಬಿದ ನೀರಿನತ್ತ ಕರೆದೊಯ್ದಳು.