ಏಳು ತಲೆಮಾರು ಕೇಳುವ ಡಿಸ್ಕು ವೈದ್ಯ

ಕಿರ್ಗಿಜ್ ನಾಡಿನ ನಮ್ಮ ಓಶ್ ಪೇಟೆಯ ಸಗಿನ್‌ಬೆಕ್ ಹಾರ್ಡ್ ಡಿಸ್ಕುಗಳಿಗೆ ತಾನೇ ನೇಮಿಸಿಕೊಂಡ ವೈದ್ಯ. ಕಂಪ್ಯೂಟರಿಗೆ ಗುರುತೇ ಸಿಗದ ಡಿಸ್ಕನ್ನು ತಂದುಕೊಟ್ಟರೆ ಮೊದಲು ಅದರ ಬಾಯಿಗೆ ಊದುತ್ತಾನೆ, ಆಮೇಲೆ ಅಂಗೈಯಿಂದ ಎರಡು ಬಿಗಿಯುತ್ತಾನೆ, ಕಡೆಗೆ ಕೇಬಲ್ಲನ್ನು ಬೈಯುತ್ತಾನೆ. "ಅಲ್ಲಕ್ಕಾ, ಏಳು ತಲೆಮಾರಿನ ಹೆಸರು ಹೇಳದೋನನ್ನ ನಾವೇ ಕಿರ್ಗಿಜ್ ಅಂತ ಒಪ್ಪಲ್ಲ, ಪಾಪ ಕಂಪ್ಯೂಟರ್ ಹೆಂಗೆ ಒಪ್ಪುತ್ತೆ?" ಎನ್ನುತ್ತ ಗಿರಾಕಿಯಿಂದಲೇ ಏಳೂ ಹೆಸರು ಒಪ್ಪಿಸಿಕೊಳ್ಳುತ್ತಾನೆ. ತಡವರಿಸಿದರೆ, "ನಿನ್ನ ಡಿಸ್ಕೂ ನಿನ್ನ ಹಾಗೇ!" ಎಂದು ಹಂಗಿಸುತ್ತಾನೆ. ಅಷ್ಟರಲ್ಲಿ ಚಹಾ ಆರಿರುತ್ತದೆ, ಡಿಸ್ಕು ಸತ್ತಿರುತ್ತದೆ. ಒಮ್ಮೆ ನಾನು, "ಎಲ್ಲಿ, ನಿಂದು ಹೇಳಪ್ಪ" ಎಂದೆ. ನಾಲ್ಕು ಹೆಸರು ಹೇಳಿ ನಿಂತುಬಿಟ್ಟ. ಉಳಿದ ಮೂವರ ಹೆಸರು, ತೀರಿಹೋದ ಅಪ್ಪನ ದನಿಯಲ್ಲಿ, ಮೇಜಿನ ಖಾನೆಯೊಳಗೆ ಅಪ್ಪನದೇ ಉಣ್ಣೆ ಟೋಪಿ ಹೊದ್ದು ಮಲಗಿರುವ ಡಿಸ್ಕಿನಲ್ಲಿವೆ. ಅದನ್ನೂ ಯಾವ ಕಂಪ್ಯೂಟರೂ ಗುರುತಿಸುವುದಿಲ್ಲ. ಅದಕ್ಕೆ ಮಾತ್ರ ಅವನು ಇಂದಿಗೂ ಒಂದೇಟು ಹಾಕಿಲ್ಲ.