ಏರಿಯ ಮೇಲಿನ ಕೂಗು

ನಮ್ಮೂರ ಕೆರೆಯ ಬಗ್ಗೆ ಮಾತಾಡಿ ಎಂದು ನನ್ನನ್ನು ಈಗಲೂ ಆಗಾಗ ಕರೆಯುತ್ತಾರೆ. ಅಧ್ಯಕ್ಷನಿಲ್ಲದ, ಯಜಮಾನನಿಲ್ಲದ ಒಂದು ಸಂಘ ಕೆರೆಯ ನೀರನ್ನು ಜಗಳವಿಲ್ಲದೆ ಹಂಚಿಕೊಂಡ ಕತೆಯನ್ನು ನಾನು ಚೆನ್ನಾಗಿ ಹೇಳುತ್ತೇನಂತೆ. ಹೇಳುತ್ತೇನೆ ಕೂಡ. ಆದರೆ ಒಂದು ಕಡೆ ಬಂದಾಗ ಪ್ರತಿಸಲವೂ ನೀರು ಕುಡಿಯುವ ನೆಪದಲ್ಲಿ ನಿಲ್ಲಿಸಿ, ಸ್ವಲ್ಪ ಹಾರಿಸಿಕೊಂಡು ಮುಂದಕ್ಕೆ ಹೋಗುತ್ತೇನೆ. ಹಾರಿಸಿದ ಆ ಜಾಗದಲ್ಲಿ ನನ್ನ ಅಪ್ಪ ಇದ್ದಾನೆ.

ಊರು ಹಳೇಬೀಡಿನಿಂದ ಮಾದಿಹಳ್ಳಿಯ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಕೆರೆ ದೊಡ್ಡದಲ್ಲ. ಅದರ ಕೆಳಗೆ ಗದ್ದೆ, ಗದ್ದೆಯಾಚೆ ತೆಂಗಿನ ತೋಟ. ಅಪ್ಪ ಆ ಕೆರೆಯ ನೀರುಗಂಟಿ. ಅವನ ಅಪ್ಪನೂ ಅದೇ ಆಗಿದ್ದ. ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಂಡು ತಿರುಗಿಸುವುದು, ಮತ್ತೆ ತೂಬು ಮುಚ್ಚುವುದು ಅವನ ಕೆಲಸ. ನೀರುಗಂಟಿಗೆ ಆ ಕೆರೆಯ ಕೆಳಗೆ ಗದ್ದೆ ಇರಬಾರದು ಎಂಬುದು ಊರಿನ ಕಟ್ಟಳೆ. ಗದ್ದೆ ಇದ್ದರೆ ತನ್ನ ಕಡೆಗೇ ನೀರು ಹಾಯಿಸಿಕೊಂಡಾನು ಎಂಬ ಅನುಮಾನ. ನಮ್ಮ ಕೇರಿಯಲ್ಲಿ ಯಾರಿಗೂ ಗದ್ದೆಯೇ ಇರಲಿಲ್ಲವಾದ್ದರಿಂದ ಕಟ್ಟಳೆ ಮುರಿಯುವ ಪ್ರಶ್ನೆ ಹುಟ್ಟಿರಲಿಲ್ಲ.

ತೂಬು ಎತ್ತುವ ಮುಂಚೆ ಅಪ್ಪ ಏರಿಯ ಮೇಲೆ ನಿಂತು, ಬಾಯಿಯ ಪಕ್ಕ ಕೈ ಹಿಡಿದು, “ನೀರ್ ಬಿಡ್ಲಾ...” ಎಂದು ಕೂಗುತ್ತಿದ್ದ. ಕೆಳಗೆ ಗದ್ದೆಯಲ್ಲಿ ನಿಂತವರಲ್ಲಿ ಯಾರಾದರೂ “ಬಿಡು” ಅನ್ನಬೇಕು. ಅನ್ನುವ ತನಕ ತೂಬಿಗೆ ಕೈ ಹಾಕುವಂತಿಲ್ಲ. ಮತ್ತೆ ಗದ್ದೆ ಇದ್ದವರು ಮಾತ್ರವೇ ಆ ಮಾತು ಅನ್ನಬಹುದು. ಚಿಕ್ಕವಳಿದ್ದಾಗ ಒಂದು ಸಲ ಬದುವಿನ ಮೇಲೆ ನಿಂತಿದ್ದ ನಾನು ಅಪ್ಪನ ಕೂಗು ಕೇಳಿದ ಖುಷಿಗೆ “ಬಿಡೂ” ಅಂದುಬಿಟ್ಟೆ. ಅವ್ವ ಅಲ್ಲೇ ಬೆನ್ನಿಗೆ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ ಇನ್ನೊಂದು ಹಾಕಿದಳು.

ಸುಗ್ಗಿಯಲ್ಲಿ ಅಪ್ಪ ವರ್ಷದ ಕೂಲಿಗಾಗಿ ಕಣದ ಹೊರಗೆ ಟವೆಲ್ ಹಾಸಿಕೊಂಡು ನಿಲ್ಲುತ್ತಿದ್ದ. ಮೊರದಲ್ಲಿ ಭತ್ತ ತಂದು ಅದರ ಮೇಲೆ ಸುರಿಯುತ್ತಿದ್ದರು. ಎಷ್ಟು ಎಂಬುದು ಸುರಿಯುವವರ ಮನಸ್ಸು. ಕಮ್ಮಿಯಾದರೂ ಹೆಚ್ಚಾದರೂ “ಆಯ್ತು ಬುದ್ದಿ” ಅನ್ನಬೇಕಿತ್ತು. ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂದ ವರ್ಷ ಅಪ್ಪ ಟವೆಲ್ ಹಾಸುವುದನ್ನು ಬಿಟ್ಟ. ಆ ಮಾತನ್ನೂ ಬಿಟ್ಟ. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗೇಟ್ ಕಾಯುವ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಕೋಣೆ ಹಿಡಿದು, ರಜಾ ಸಿಕ್ಕಾಗ ಊರಿಗೆ ಬಂದು ಹೋಗುತ್ತಿದ್ದ. ನಾನು ಮೈಸೂರಿನಲ್ಲಿ ಎಂ.ಎ. ಓದಿದ್ದು ಆ ಗೇಟಿನಿಂದ.

ಅವನು ಬಿಟ್ಟ ಮೇಲೆ ತೂಬು ಯಾರ ಮಾತಿಗೂ ಸಿಗದಾಯಿತು. ಬಲ ಇದ್ದವರು ಎತ್ತುವರು, ಸಿಟ್ಟು ಬಂದವರು ಮುಚ್ಚುವರು. ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟುವುದೇ ನಿಂತುಹೋಯಿತು.

ಆಗ ನಾವು ಬಂದೆವು. ನಾವು ಎಂದರೆ ನಾನು ಮತ್ತು ವಿಶ್ವವಿದ್ಯಾಲಯದ ಮೂರ್ನಾಲ್ಕು ಜನ ಗೆಳೆಯರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸಮಾಜ ಕೆಟ್ಟಿರುವುದು ಮೇಲಿನಿಂದ ಕೆಳಕ್ಕೆ ಕಟ್ಟಿದ್ದರಿಂದ, ಅದನ್ನು ಕಾಡಿನ ಹಾಗೆ ಕಟ್ಟಬೇಕು ಎಂದು ನಾವು ನಂಬಿದ್ದೆವು. ಕಾಡಿಗೆ ಯಜಮಾನ ಇಲ್ಲ. ಹುತ್ತಕ್ಕೆ ಮೇಸ್ತ್ರಿ ಇಲ್ಲ. ಗೀಜಗದ ಗೂಡಿಗೆ ಯಾರೂ ನಕ್ಷೆ ಕೊಡುವುದಿಲ್ಲ. ಚಿಕ್ಕ ಚಿಕ್ಕ ಗುಂಪುಗಳು ತಮ್ಮ ಪಾಡಿಗೆ ತಾವು ತೀರ್ಮಾನಿಸಿಕೊಂಡು, ಒಂದರ ಬೇರು ಇನ್ನೊಂದಕ್ಕೆ ತಾಗಿಕೊಂಡು ಬದುಕಿದರೆ ಸಾಕು. ಇದನ್ನು ಟೀ ಕುಡಿಯುತ್ತ ಎಷ್ಟು ಸಲ ಮಾತಾಡಿದ್ದೆವೋ. ನಮ್ಮೂರ ಕೆರೆಯ ಜಗಳದ ಸುದ್ದಿ ನಾನೇ ಹೇಳಿದೆ. ಇಲ್ಲೇ ಶುರು ಮಾಡೋಣ ಎಂದವರು ಯಾರು ಎಂಬುದು ಸರಿಯಾಗಿ ನೆನಪಿಲ್ಲ. ನಾನೇ ಇರಬೇಕು. ನಾನಲ್ಲ ಎಂದು ನೆನಪು ಹೇಳಿದರೆ ಅದನ್ನು ನಾನು ನಂಬುವುದಿಲ್ಲ.

ಊರವರು ನಮ್ಮನ್ನು ಬೇಡ ಅನ್ನಲಿಲ್ಲ. ಅವರಿಗೂ ಜಗಳ ಸಾಕಾಗಿತ್ತು. ಒಂದೊಂದು ಕಾಲುವೆಗೂ ಒಂದೊಂದು ಗುಂಪು. ಗುಂಪಿನ ಮಾತೇ ಕೊನೆ. ಮೇಲೆ ಯಾರೂ ಇಲ್ಲ. ಒಬ್ಬರಿಗೊಬ್ಬರು ಮುಖ ನೋಡದವರು ಒಂದೇ ಜಮಖಾನದ ಮೇಲೆ ಕೂತರು. ಉಳಿದದ್ದು ತೂಬು ಮಾತ್ರ. ತೂಬಿಗೆ ಯಾರು ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡ ತೆಂಗಿನ ತೋಟದ ಹಿರಿಯರೊಬ್ಬರು, “ನೀವ್ ಒಂದ್ ಮಾತ್ ಹೇಳಿ ಮೇಡಂ. ನಿಮ್ಮಪ್ಪ ಬತ್ತಾನೆ” ಎಂದರು.

ನನಗೆ ಹೆಮ್ಮೆಯಾಯಿತು. ಅಪ್ಪನನ್ನು ಕಣದ ಹೊರಗೆ ನಿಲ್ಲಿಸಿದ್ದ ಊರು ಈಗ ಅಪ್ಪನನ್ನು ಕೇಳುತ್ತಿದೆ ಎಂದುಕೊಂಡೆ. ಹೇಳಿ ಕಳಿಸಿದೆ. ಅಪ್ಪ ರಜಾ ಹಾಕಿ ಬಂದ.

ಸಭೆ ಶಾಲೆಯ ಜಗಲಿಯಲ್ಲಿ. ಸಂಘದವರು ಜಮಖಾನದ ಮೇಲೆ, ನಾನು ಗೋಡೆಗೆ ಒರಗಿ ಅವರ ಪಕ್ಕದಲ್ಲಿ. ಅಪ್ಪ ಮೆಟ್ಟಿಲ ಮೇಲೆ ಕೂತ. ಮೇಲೆ ಬಾ ಎಂದು ನಾನು ಕರೆದೆನೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕರೆದಿದ್ದರೆ ಅವನು ಏನಾದರೂ ಅಂದಿರಬೇಕಿತ್ತು. ಅವನು ಏನೂ ಅಂದದ್ದು ನೆನಪಿಲ್ಲ.

ನಾನು ಮಾತಾಡಿದೆ. ಜೇನುಗೂಡಿನ ಉದಾಹರಣೆ ಕೊಟ್ಟೆ. ಅಲ್ಲಿ ಒಂದೊಂದು ಹುಳಕ್ಕೂ ಒಂದೊಂದು ಕೆಲಸ, ಮೇಲಿಲ್ಲ ಕೆಳಗಿಲ್ಲ, ಪ್ರಕೃತಿಯಲ್ಲಿ ಒಂದೊಂದಕ್ಕೂ ಒಂದು ಜಾಗ ಇದೆ ಎಂದೆ. ಆಮೇಲೆ ನೀರುಗಂಟಿಯ ಬಗ್ಗೆ ಹೇಳಿದೆ. ಗದ್ದೆ ಇಲ್ಲದಿರುವುದೇ ಅವರ ಬಲ, ಅವರಿಗೆ ತಮ್ಮದು ಎಂಬುದಿಲ್ಲ, ಅದಕ್ಕೇ ಅವರ ಕೈಯಲ್ಲಿ ನೀರು ಎಲ್ಲರದೂ ಆಗುತ್ತದೆ ಎಂದೆ. ಎಲ್ಲರೂ ತಲೆದೂಗಿದರು.

ತೋಟದ ಹಿರಿಯರು ಅಂದರು, “ದಿಟವಾದ ಮಾತು ಕಣಮ್ಮ. ಒಂದೊಂದಕ್ಕೂ ಒಂದೊಂದ್ ಜಾಗ. ನಮ್ ಹಿರೀಕರೂ ಇದನ್ನೇ ಹೇಳ್ತಿದ್ದದ್ದು. ನೀವ್ ಓದ್ಕಂಡ್ ಬಂದು ಹೇಳ್ತಿದೀರ, ಅಷ್ಟೇಯ.”

ಅವರು ವ್ಯಂಗ್ಯವಾಗಿ ಹೇಳಲಿಲ್ಲ. ಮನಸಾರೆ ಮೆಚ್ಚಿ ಹೇಳಿದರು. ಏನೋ ಒಂದು ತಪ್ಪಾಗಿ ಹೋಯಿತು ಎಂದು ಅನ್ನಿಸಿತು. ಏನು ಎಂದು ಹಿಡಿಯುವಷ್ಟರಲ್ಲಿ ಅಪ್ಪ ಮೆಟ್ಟಿಲಿನಿಂದ, “ನಾನೊಂದ್ ಕೇಳ್ಲಾ?” ಎಂದ.

“ಕೇಳು ಕಣ್ಲಾ, ಅದಕ್ಕೇ ತಾನೆ ಕರೆಸಿರೋದು” ಎಂದರು ಯಾರೋ.

“ಏರಿ ಕೆಳಗೆ ಆ ಮೂಲೇಲಿ ಖರಾಬು ಬಿದ್ದೈತಲ್ಲ, ಯಾರ ಹೆಸರಿಗೂ ಇಲ್ಲದ್ದು. ನೀವು ಹುಲ್ಲಿನ ಮೆದೆ ಹಾಕ್ತೀರಲ್ಲ, ಅದು. ಅದನ್ನ ನಂಗೆ ಬಿಟ್ಕೊಡಿ. ಹಸನ್ ಮಾಡ್ಕೊಂಡು ಒಂದ್ ಮಡಿ ಭತ್ತ ಹಾಕ್ತೀನಿ. ತೂಬು ಸರದಿ ಮೇಲೆ ಎಲ್ರೂ ಎತ್ತಾನ. ನಂದೂ ಒಂದ್ ಸರದಿ ಇರ್ಲಿ. ನನ್ ಗದ್ದೆಗೂ ಯಾರಾದ್ರೂ ಒಂದ್ಸಲ ನೀರ್ ಬಿಡ್ಲಿ. ನಾನೂ ‘ಬಿಡು’ ಅಂತೀನಿ.”

ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಿರಬೇಕು.

ಕಾಲುವೆಯ ತಲೆಯಲ್ಲೇ ಗದ್ದೆಯಿದ್ದ ಒಬ್ಬರು, “ನೀರುಗಂಟಿಗೆ ಗದ್ದೆ ಕೊಡೋದೂ ಒಂದೇ, ಬೆಕ್ಕಿನ ಕೈಗೆ ಹಾಲಿನ ಚೊಂಬು ಕೊಡೋದೂ ಒಂದೇ ಕಣ್ಲಾ” ಎಂದರು.

“ಬಿಡಿ, ಒಳ್ಳೇದೇ ಆಯ್ತು” ಎಂದರು ಪಕ್ಕದವರು. “ಕೆರೆ ಬತ್ತಿದ್ರೂ ಇವನ ಗದ್ದೇಲಿ ಮೀನ್ ಹಿಡೀಬೋದು.”

ಜಗಲಿಯೆಲ್ಲ ನಗು. ಅಪ್ಪನೂ ನಕ್ಕ. ನಕ್ಕು, “ಸಿಕ್ರೆ ನಿಮಗೂ ಒಂದ್ ಪಾಲು ಕಳಿಸ್ತೀನಿ ಬುದ್ದಿ” ಎಂದ. ಅಷ್ಟು ವರ್ಷ ಬಿಟ್ಟಿದ್ದ ಮಾತು, ನಿನ್ನೆಯಷ್ಟೇ ಆಡಿದಂತೆ ಬಂತು.

ನಾನು ನಕ್ಕೆನೇ? ಆ ದಿನದ ದಿನಚರಿಯಲ್ಲಿ ಸಭೆ ಚೆನ್ನಾಗಿ ನಡೆಯಿತು ಎಂದಷ್ಟೇ ಇದೆ. ನಾನು ತಲೆ ತಗ್ಗಿಸಿ ಕೂತಿದ್ದೆ ಎಂದು ನನ್ನ ನೆನಪು. ಶಾಲೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, “ನೀನೂ ಹಲ್ ಬಿಡ್ತಿದ್ದೆ” ಎಂದು ಒಂದೇ ಒಂದು ಸಲ ಹೇಳಿದಳು. ಮೀನಿನ ಮಾತು ನಗು ಬರಿಸುವಂಥದೇ. ಅಪ್ಪನನ್ನು ಕಂಡು ನಗಲಿಲ್ಲ, ಮಾತಿಗೆ ನಕ್ಕೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಮೆಟ್ಟಿಲ ಮೇಲೆ ಕೂತವನಿಗೆ ಆ ವ್ಯತ್ಯಾಸ ಕಾಣುತ್ತಿತ್ತೇ?

ಅಪ್ಪ ಸಂಜೆ ಬಸ್ಸಿಗೇ ಅರಸೀಕೆರೆಗೆ ಹೋದ. ಕೋಪ ಮಾಡಿಕೊಂಡು ಹೋದನೆಂದು ಯಾರೂ ಹೇಳುವಂತಿರಲಿಲ್ಲ. ಎಲ್ಲರಿಗೂ ಹೇಳಿಯೇ ಹೋದ.

ನಾಟಿಯ ಹೊತ್ತಿಗೆ ಕೆರೆ ತುಂಬಿತ್ತು. ತೂಬಿನದು ಮಾತ್ರ ಹಳೆಯದೇ ಹಾಡು. ಗುಂಪುಗಳು ಒಂದನ್ನೊಂದು ನಂಬಲಿಲ್ಲ. ಎತ್ತಿದವರು ತಮ್ಮ ಕಾಲುವೆಗೆ ಹೆಚ್ಚು ಬಿಟ್ಟುಕೊಂಡರು ಎಂದು ಉಳಿದವರ ದೂರು. ಜಮಖಾನದ ಮೇಲೆ ಜಾಗ ಖಾಲಿಯಾಗತೊಡಗಿತು. ಗೆಳೆಯರು ಮೈಸೂರಿನಿಂದ ಬಂದು ನೋಡಿ ಪೆಚ್ಚಾದರು. ತೋಟದ ಹಿರಿಯರು ನಮ್ಮ ಮನೆಯ ಹತ್ತಿರವೇ ಬಂದು, ಅಂಗಳದಲ್ಲಿ ನಿಂತು, “ಹೋಗಿ ಕರ್ಕಂಡ್ ಬನ್ನಿ ಮೇಡಂ. ಸಂಘ ಉಳೀಬೇಕಲ್ಲ” ಎಂದರು. ಖರಾಬಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೂತು ಹೋಗಿ ಎಂದೆ. ಹೊತ್ತಾಯಿತು ಎಂದರು.

ಅರಸೀಕೆರೆಯ ಮಂಡಿಯ ಗೇಟಿನಲ್ಲಿ ಅಪ್ಪ ಖಾಕಿ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಕೊಬ್ಬರಿ ಚೀಲದ ಲಾರಿಯೊಂದು ಬಂದು, ಡ್ರೈವರ್ ತಲೆ ಹೊರಗೆ ಹಾಕಿ, “ಯಜಮಾನ್ರೇ, ಗೇಟ್ ತೆಗೀರಿ” ಎಂದ. ಅಪ್ಪ ಅವಸರವಿಲ್ಲದೆ ಎದ್ದು ತೆಗೆದ. ಆಮೇಲೆ ನನ್ನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ಒಳಗೆ ಫ್ಯಾನಿನ ಕೆಳಗೆ, ಗೋಡೆ ಪಕ್ಕದ ಬೆಂಚು ಅವನದಂತೆ. ಮಾಣಿ ಕೇಳದೆಯೇ ಕಾಫಿ ತಂದಿಟ್ಟ.

“ನನ್ ಮಗಳು. ಎಂ.ಎ. ಮಾಡವ್ಳೆ” ಎಂದ ಅಪ್ಪ ಮಾಣಿಗೆ.

ಕಾಫಿ ಮುಗಿಯುವ ತನಕ ಅವ್ವನ ಸುದ್ದಿ, ಮನೆಯ ಹೆಂಚಿನ ಸುದ್ದಿ. ಆಮೇಲೆ ಅವನೇ ಕೇಳಿದ. “ಗದ್ದೆ ಮಾತು ಏನಾರ ಎತ್ತಿದ್ರಾ?”

“ಇಲ್ಲಪ್ಪ.”

“ಎತ್ತಲ್ಲ ಬಿಡು.” ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದ. “ಕೇಳವ್ವ ಮತ್ತೆ. ಕೇಳಾಕೇ ತಾನೆ ಬಂದಿರೋದು.”

ಇಲ್ಲ, ನಿನ್ನನ್ನು ನೋಡಿಕೊಂಡು ಹೋಗೋಣ ಅಂತ ಬಂದೆ ಎನ್ನಬಹುದಿತ್ತು. ಸಂಘ ಮುರಿದರೆ ಮುರಿಯಲಿ ಎನ್ನಬಹುದಿತ್ತು. ಅವನ ಮುಖ ಕಾಣುತ್ತಿತ್ತು, ಅವನಿಗೆ ಏನು ಬೇಕೆಂಬುದೂ ಗೊತ್ತಿತ್ತು. ಆದರೂ ಕೇಳಿದೆ. ಕೊನೆಯ ಗದ್ದೆಯವರ ನಾಟಿ ಒಣಗುತ್ತಿದೆ ಎಂದೆ. ಅದು ಸುಳ್ಳಲ್ಲ. ಆದರೆ ನಾನು ಕೇಳಿದ್ದು ಒಣಗುವ ನಾಟಿಗಾಗಿ ಅಲ್ಲ. ನನ್ನ ಕಾಡು ಒಣಗದಿರಲಿ ಎಂದು.

“ರಜಾ ಹೇಳಿ ಬತ್ತೀನಿ, ಇರು” ಎಂದು ಅಪ್ಪ ಎದ್ದ. ಬರುವಾಗ ಖಾಕಿ ಅಂಗಿ ಬಿಚ್ಚಿ, ಮಡಚಿ, ಕೈಚೀಲದಲ್ಲಿ ಇಟ್ಟುಕೊಂಡಿದ್ದ. ಆ ರಜಾ ಮುಗಿಯಲೇ ಇಲ್ಲ. ಮಂಡಿಯವರು ಎಷ್ಟು ದಿನ ಕಾಯುತ್ತಾರೆ, ಬೇರೆಯವರನ್ನು ಹಾಕಿಕೊಂಡರು. ಅಪ್ಪ ಮೊಣಕಾಲು ನೋವು ತಡೆಯಲಾಗದಷ್ಟು ಆಗುವ ತನಕ ತೂಬು ಎತ್ತಿದ. ಭತ್ತ ಮನೆಗೇ ಬರುವಂತೆ ನಾನು ಮಾಡಿಸಿದೆ, ಟವೆಲ್ ಹಾಸುವುದು ತಪ್ಪಿತು. ಭಾಷಣಗಳಲ್ಲಿ ಅದನ್ನು ತಪ್ಪದೆ ಹೇಳುತ್ತೇನೆ. ಖರಾಬಿನಲ್ಲಿ ಈಗಲೂ ಹುಲ್ಲಿನ ಮೆದೆ ಇದೆ. ಅಪ್ಪ ಈಗಿಲ್ಲ.

ಅವತ್ತು ಅರಸೀಕೆರೆಯಿಂದ ನಾವಿಬ್ಬರೂ ಜಾವಗಲ್ ಮೇಲಿನ ಬಸ್ಸು ಹಿಡಿದೆವು. ಕಿಟಕಿಯ ಪಕ್ಕದ ಸೀಟನ್ನು ಅವನು ನನಗೆ ಬಿಟ್ಟುಕೊಟ್ಟಿದ್ದ. ಊರ ಸ್ಟಾಪಿನಲ್ಲಿ ಇಳಿದಾಗ ಸಂಘದವರು ಕಾಯುತ್ತಿದ್ದರು. “ಬಂದ ಕಣ್ರೋ” ಎಂದು ಯಾರೋ ಕೂಗಿದರು. ಅಪ್ಪ ಮನೆಗೂ ಹೋಗದೆ, ಕೈಚೀಲವನ್ನು ನನಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಏರಿ ಹತ್ತಿದ. ಉಳಿದವರೆಲ್ಲ ಕೆಳಗೆ ಗದ್ದೆಯ ಬದುವಿಗೆ ಹೋದರು. ನಾನೂ ಅವರ ಜೊತೆ ಹೋದೆ.

ಅಪ್ಪ ತೂಬಿನ ಹತ್ತಿರ ನಿಂತ. ಕೈ ಬಾಯಿಯ ಪಕ್ಕ ಹೋಯಿತು.

“ನೀರ್ ಬಿಡ್ಲಾ...”

ಪಕ್ಕದಲ್ಲಿದ್ದ ತೋಟದ ಹಿರಿಯರು ನನ್ನ ಕಡೆ ತಿರುಗಿದರು. “ಇವತ್ತು ನೀವೇ ಅನ್ನಿ ಮೇಡಂ. ಈ ಗೌರವ ನಿಮ್ದು” ಎಂದರು. ಸುತ್ತ ನಿಂತವರು ಹೌದು ಹೌದು ಎಂದರು.

ಅಪ್ಪ ಕಾಯುತ್ತಿದ್ದ. ಅಷ್ಟು ದೂರದಿಂದ ಅವನು ಯಾರನ್ನು ನೋಡುತ್ತಿದ್ದ ಎಂದು ಹೇಳಲಾರೆ. ಕೈಚೀಲ ನನ್ನ ಎದೆಗೆ ಒತ್ತಿಕೊಂಡಿತ್ತು, ಕೊಬ್ಬರಿಯ ವಾಸನೆ. ಇದೆಲ್ಲ ನಿಜವಾಗಿ ಇತ್ತೋ, ಆಮೇಲೆ ನಾನು ಸೇರಿಸಿಕೊಂಡೆನೋ ತಿಳಿಯದು.

ನಾನು “ಬಿಡಪ್ಪ” ಎಂದೆ. ಆ ದನಿ ನನ್ನದೇ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.